ಅನರ್ಹರು ಮತ ಕೇಳಲು ಬಂದ ಡಿಸೆಂಬರ್

2019ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಕರ್ನಾಟಕದ 17 ಮಂದಿ ಶಾಸಕರ ವಿಷಯದಲ್ಲಿ ಎರಡು ಮಾತು ಹೇಳಿತು. ವಿಧಾನಸಭಾಧ್ಯಕ್ಷರಾಗಿದ್ದ ಕೆ.ಆರ್. ರಮೇಶ್ ಕುಮಾರ್ ಈ ಶಾಸಕರನ್ನು ಅನರ್ಹಗೊಳಿಸಿದ್ದು ಸರಿ ಎಂಬುದು ಮೊದಲನೆಯದು. ವಿಧಾನಸಭೆಯ ಅವಧಿ ಮುಗಿಯುವವರೆಗೆ, ಅಂದರೆ 2023ರವರೆಗೆ, ಅವರು ಚುನಾವಣೆಗೆ ನಿಲ್ಲುವಂತಿಲ್ಲ ಎಂದು ಹೇರಿದ್ದ ನಿರ್ಬಂಧ ಸರಿಯಲ್ಲ ಎಂಬುದು ಎರಡನೆಯದು. ತೀರ್ಪು ಬಂದ ಮರುದಿನವೇ ಅವರಲ್ಲಿ ಬಹುತೇಕರು ಬೆಂಗಳೂರಿನಲ್ಲಿ ಬಿಜೆಪಿ ಸೇರಿದರು. ಅಲ್ಲಿಂದ ಮೂರು ವಾರಕ್ಕೆ, ಡಿಸೆಂಬರ್ 5ರಂದು, 15 ಕ್ಷೇತ್ರಗಳಲ್ಲಿ ಉಪಚುನಾವಣೆ.

ಒಂದೂವರೆ ವರ್ಷದ ಹಿಂದೆ ಕಮಲವನ್ನು ಸೋಲಿಸಿ ಎಂದು ಮನೆ ಬಾಗಿಲಿಗೆ ಬಂದಿದ್ದವರು ಈಗ ಅದೇ ಬಾಗಿಲಿಗೆ ಕಮಲಕ್ಕೇ ಮತ ಕೊಡಿ ಎಂದು ಬಂದರು. ಪಕ್ಷನಿಷ್ಠೆ ಅನುಮಾನಾಸ್ಪದವಾದ ಅಭ್ಯರ್ಥಿಗೆ ಮತ ಹಾಕಬೇಕೇ ಬೇಡವೇ ಎಂಬುದು ಪುಸ್ತಕದೊಳಗಿನ ಪ್ರಶ್ನೆಯಾಗಿ ಉಳಿಯಲಿಲ್ಲ. ಅಥಣಿಯಿಂದ ಹುಣಸೂರಿನವರೆಗೆ ಲಕ್ಷಾಂತರ ಜನ ಅದಕ್ಕೆ ಉತ್ತರ ಕೊಡಲೇಬೇಕಾಯಿತು. ಅವರು ಕೊಟ್ಟ ಉತ್ತರವನ್ನು ‘ಜನ ಪಕ್ಷಾಂತರವನ್ನು ಕ್ಷಮಿಸಿದರು’ ಎಂದು ಅಂದಿನಿಂದ ಇಂದಿನವರೆಗೂ ಓದಲಾಗುತ್ತಿದೆ. ಆ ಓದು ತಪ್ಪು ಎಂದು ನನ್ನ ನಂಬಿಕೆ. ಯಾಕೆ ತಪ್ಪು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪಕ್ಷಾಂತರ ದೇಶದ ಕಣ್ಣಿಗೆ ಕುಕ್ಕಿದ್ದು 1967ರಲ್ಲಿ. ಆಗಷ್ಟೇ ಹುಟ್ಟಿದ್ದ ಹರಿಯಾಣ ರಾಜ್ಯದಲ್ಲಿ ಹಸನ್‌ಪುರದಿಂದ ಪಕ್ಷೇತರರಾಗಿ ಗೆದ್ದಿದ್ದ ಗಯಾ ಲಾಲ್ ಎರಡು ವಾರದೊಳಗೆ ಮೂರು ಬಾರಿ ಪಾಳಯ ಬದಲಿಸಿದರು. ‘ಆಯಾ ರಾಮ್ ಗಯಾ ರಾಮ್’ ಎಂಬ ಮಾತು ಅಲ್ಲಿಂದಲೇ ಹುಟ್ಟಿ ಭಾರತದ ಎಲ್ಲ ಭಾಷೆಗಳಿಗೂ ಹಬ್ಬಿತು. ಸಂಸತ್ತು ವೈ.ಬಿ. ಚವಾಣ್ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. 1967ರ ಮಾರ್ಚ್‌ನಿಂದ 1968ರ ಫೆಬ್ರುವರಿವರೆಗಿನ ಒಂದೇ ವರ್ಷದಲ್ಲಿ 438 ಪಕ್ಷಾಂತರಗಳು ನಡೆದಿದ್ದವು ಎಂದು ಆ ಸಮಿತಿ ಲೆಕ್ಕ ಹಾಕಿತು. ಅದರ ವರದಿಯಲ್ಲಿ ಇನ್ನೂ ಮುಖ್ಯವಾದ ಅಂಕಿಯೊಂದಿದೆ: ಸಮಿತಿ ಗಮನಿಸಿದ 210 ಪಕ್ಷಾಂತರಿ ಶಾಸಕರಲ್ಲಿ 116 ಮಂದಿಗೆ ಮಂತ್ರಿಗಿರಿ ಸಿಕ್ಕಿತ್ತು. ಅರ್ಧಕ್ಕೂ ಹೆಚ್ಚು. ಈ ಅಂಕಿಯನ್ನು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಶತಮಾನದ ಕಥೆ ಸುಲಭವಾಗಿ ಅರ್ಥವಾಗುತ್ತದೆ.

ಕರ್ನಾಟಕಕ್ಕೂ ಇದು ಹೊಸದಾಗಿರಲಿಲ್ಲ. 1969ರಲ್ಲಿ ಕಾಂಗ್ರೆಸ್ ಒಡೆದಾಗ ಇಲ್ಲಿನ ಸರ್ಕಾರ ವೀರೇಂದ್ರ ಪಾಟೀಲರ ಕೈಯಲ್ಲಿ, ಸಂಸ್ಥಾ ಕಾಂಗ್ರೆಸ್ ಕಡೆ ಉಳಿಯಿತು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ಎಲ್ಲ 27 ಸ್ಥಾನಗಳನ್ನೂ ಇಂದಿರಾ ಗಾಂಧಿಯವರ ಕಾಂಗ್ರೆಸ್ ಗೆದ್ದದ್ದೇ ತಡ, ಶಾಸಕರು ಆ ಕಡೆ ಹರಿಯತೊಡಗಿದರು. ಮಾರ್ಚ್ ಮುಗಿಯುವ ಮೊದಲೇ ಸರ್ಕಾರ ಬಿದ್ದು ರಾಷ್ಟ್ರಪತಿ ಆಳ್ವಿಕೆ ಬಂತು. 1980ರ ಜನವರಿಯಲ್ಲಿ ಇದೇ ನಾಟಕ ದೇವರಾಜ ಅರಸು ಅವರ ಪಾಲಿಗೆ ಬಂತು. ಇಂದಿರಾ ಅವರಿಂದ ದೂರವಾಗಿದ್ದ ಅರಸು ಅವರ ಪಕ್ಷಕ್ಕೆ ಲೋಕಸಭೆಯಲ್ಲಿ ರಾಜ್ಯದಿಂದ ಒಂದು ಸ್ಥಾನವೂ ದಕ್ಕಲಿಲ್ಲ. ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ, ಅವರ ನಾಯಕತ್ವದಲ್ಲಿ ಬೆಳೆದ ಶಾಸಕರೇ ಸಾಲುಸಾಲಾಗಿ ಹೊರಟುಹೋದರು. ಜನವರಿ 12ರಂದು ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು. ಭೂಸುಧಾರಣೆ ತಂದ, ಹಿಂದುಳಿದ ವರ್ಗಗಳಿಗೆ ದನಿ ಕೊಟ್ಟ ಮನುಷ್ಯನ ಸುತ್ತ ಇದ್ದವರು ಗೆದ್ದೆತ್ತಿನ ಬಾಲ ಹಿಡಿದು ಹೋದ ರೀತಿ ಇವತ್ತಿಗೂ ನೋವು ತರುತ್ತದೆ. ಆಗ ಮತದಾರರನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂಬ ಕಾನೂನೂ ಇರಲಿಲ್ಲ. ಜನ 1983ರವರೆಗೆ ಕಾದರು, ಆಮೇಲೆ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರವನ್ನು ತಂದರು.

ಕಾನೂನು ಬಂದದ್ದು 1985ರಲ್ಲಿ, ಸಂವಿಧಾನದ 52ನೇ ತಿದ್ದುಪಡಿಯ ಮೂಲಕ. ಅದೇ ಹತ್ತನೇ ಪರಿಚ್ಛೇದ. ಗೆದ್ದ ಪಕ್ಷವನ್ನು ಸ್ವಇಚ್ಛೆಯಿಂದ ಬಿಟ್ಟರೆ, ಇಲ್ಲವೇ ವಿಪ್ ಮೀರಿ ಮತ ಹಾಕಿದರೆ ಅಥವಾ ಗೈರಾದರೆ ಶಾಸಕ ಸ್ಥಾನ ಹೋಗುತ್ತದೆ. ಮೂರನೇ ಒಂದು ಭಾಗ ಒಟ್ಟಿಗೆ ಹೊರಟರೆ ಮಾತ್ರ ಅದನ್ನು ‘ವಿಭಜನೆ’ ಎಂದು ಒಪ್ಪಿಕೊಳ್ಳುತ್ತಿದ್ದರು. 2003ರ 91ನೇ ತಿದ್ದುಪಡಿ ಆ ಕಿಂಡಿಯನ್ನೂ ಮುಚ್ಚಿತು. ಜೊತೆಗೆ, ಅನರ್ಹಗೊಂಡವರು ಮತ್ತೆ ಗೆದ್ದು ಬರುವವರೆಗೆ ಮಂತ್ರಿಯಾಗುವಂತಿಲ್ಲ ಎಂಬ ಷರತ್ತನ್ನೂ ಸೇರಿಸಿತು. ಚವಾಣ್ ಸಮಿತಿ ಕಂಡಿದ್ದ ಆ 116 ಮಂತ್ರಿಗಳ ನೆರಳು ಈ ಷರತ್ತಿನ ಹಿಂದಿದೆ.

ಕಾನೂನು ಕಟ್ಟಿದ ಬೇಲಿಗೆ ಕರ್ನಾಟಕದಲ್ಲೇ ದಾರಿ ಹುಡುಕಲಾಯಿತು. 2008ರಲ್ಲಿ ಬಿಜೆಪಿ 110 ಸ್ಥಾನ ಗೆದ್ದು ಪಕ್ಷೇತರರ ಬೆಂಬಲದಿಂದ ಸರ್ಕಾರ ಮಾಡಿತು. ಸ್ವಂತ ಬಹುಮತಕ್ಕೆ ಮೂರು ಸ್ಥಾನ ಕಡಿಮೆ. ಆಗ ಕಾಂಗ್ರೆಸ್ ಮತ್ತು ಜೆಡಿಎಸ್‌ನ ಏಳು ಶಾಸಕರು ಪಕ್ಷಾಂತರ ಮಾಡಲಿಲ್ಲ, ಶಾಸಕ ಸ್ಥಾನಕ್ಕೇ ರಾಜೀನಾಮೆ ಕೊಟ್ಟರು. ರಾಜೀನಾಮೆ ಕೊಟ್ಟವನನ್ನು ಅನರ್ಹಗೊಳಿಸುವುದು ಹೇಗೆ? ಅವರಲ್ಲಿ ಬಹುತೇಕರು ಬಿಜೆಪಿ ಸೇರಿ ಉಪಚುನಾವಣೆಗೆ ನಿಂತರು. ‘ಆಪರೇಷನ್ ಕಮಲ’ ಎಂಬ ಹೆಸರು ಬಂದದ್ದು ಆಗಲೇ. ಅದೇ ವರ್ಷದ ಡಿಸೆಂಬರ್‌ನಲ್ಲಿ ಎಂಟು ಕ್ಷೇತ್ರಗಳಿಗೆ ಉಪಚುನಾವಣೆ ನಡೆದು ಬಿಜೆಪಿ ಐದನ್ನು, ಜೆಡಿಎಸ್ ಮೂರನ್ನು ಗೆದ್ದವು.

ಈ ದಾರಿಯಲ್ಲಿ ಒಂದು ನ್ಯಾಯವೂ ಇದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಪಕ್ಷ ಬಿಡುವವನು ಸ್ಥಾನವನ್ನೂ ಬಿಟ್ಟು ಮತ್ತೆ ಜನರ ಮುಂದೆ ಬರುತ್ತಾನೆ, ಕೊನೆಯ ಮಾತು ಮತದಾರರದ್ದೇ ಆಗುತ್ತದೆ. ಕೇಳುವುದಕ್ಕೆ ಇದು ಸರಿಯೆನಿಸುತ್ತದೆ. ಆದರೆ ಆ ಮತದಾರನ ಮುಂದೆ ಯಾವ ಪ್ರಶ್ನೆ ಇಡಲಾಗುತ್ತದೆ, ಯಾವಾಗ ಇಡಲಾಗುತ್ತದೆ ಎಂಬುದರಲ್ಲಿ ಎಲ್ಲ ಇದೆ.

2018ರ ಮೇ ತಿಂಗಳ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಬಿಜೆಪಿ 104ಕ್ಕೆ ನಿಂತಿತು. ಬಿ.ಎಸ್. ಯಡಿಯೂರಪ್ಪ ಮೇ 17ರಂದು ಪ್ರಮಾಣವಚನ ಸ್ವೀಕರಿಸಿ, 19ರಂದು ವಿಶ್ವಾಸಮತ ಕೇಳುವ ಮೊದಲೇ ರಾಜೀನಾಮೆ ನೀಡಿದರು. 37 ಸ್ಥಾನಗಳ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ ಕಾಂಗ್ರೆಸ್ ಬೆಂಬಲದಿಂದ ಮುಖ್ಯಮಂತ್ರಿಯಾದರು. ಹಳೇ ಮೈಸೂರು ಭಾಗದಲ್ಲಿ ದಶಕಗಳಿಂದ ಎದುರುಬದುರು ನಿಂತು ಬಡಿದಾಡಿದ್ದ ಎರಡು ಪಕ್ಷಗಳ ಸಂಸಾರ ಅದು. ಮೇಲೆ ವಿಧಾನಸೌಧದಲ್ಲಿ ಕೈ ಹಿಡಿದು ನಿಂತರೂ ಕೆಳಗೆ ಹಳ್ಳಿಗಳಲ್ಲಿ ಕಾರ್ಯಕರ್ತರು ಒಂದಾಗಲಿಲ್ಲ. ಅನುದಾನ ಬರುತ್ತಿಲ್ಲ, ವರ್ಗಾವಣೆಗಳಲ್ಲಿ ನಮ್ಮ ಮಾತು ನಡೆಯುತ್ತಿಲ್ಲ, ಬೆಂಗಳೂರಿನ ಉಸ್ತುವಾರಿಯಲ್ಲಿ ನಮ್ಮನ್ನು ಕೇಳುವವರಿಲ್ಲ ಎಂದು ಕಾಂಗ್ರೆಸ್ ಶಾಸಕರು ದೂರತೊಡಗಿದರು. ದೂರಿದವರಲ್ಲಿ ಎಸ್.ಟಿ. ಸೋಮಶೇಖರ್, ಬೈರತಿ ಬಸವರಾಜ್, ಎಂ.ಟಿ.ಬಿ. ನಾಗರಾಜ್, ಕೆ. ಸುಧಾಕರ್ ಅವರಂಥ, ಸಿದ್ದರಾಮಯ್ಯನವರ ಆಪ್ತರೆನಿಸಿದ್ದವರೇ ಹೆಚ್ಚು. ಗೋಕಾಕದ ರಮೇಶ ಜಾರಕಿಹೊಳಿ ಅವರ ಸಿಟ್ಟು ಮಂತ್ರಿಸ್ಥಾನ ಕಳೆದುಕೊಂಡಾಗಿನಿಂದ ಕುದಿಯುತ್ತಿತ್ತು.

2019ರ ಲೋಕಸಭಾ ಫಲಿತಾಂಶ ಆ ಅಸಮಾಧಾನಕ್ಕೆ ಧೈರ್ಯ ತುಂಬಿತು. ರಾಜ್ಯದ 28ರಲ್ಲಿ 25 ಬಿಜೆಪಿಗೆ. ತುಮಕೂರಿನಲ್ಲಿ ಎಚ್.ಡಿ. ದೇವೇಗೌಡರೇ ಸೋತರು. ಕಲಬುರಗಿಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರನ್ನು 95 ಸಾವಿರ ಮತಗಳಿಂದ ಸೋಲಿಸಿದವರು ಉಮೇಶ್ ಜಾಧವ್. ಅವರು ಕೆಲವೇ ತಿಂಗಳ ಹಿಂದೆ ಚಿಂಚೋಳಿಯ ಕಾಂಗ್ರೆಸ್ ಶಾಸಕರಾಗಿದ್ದವರು. ಅವರು ಬಿಟ್ಟ ಚಿಂಚೋಳಿಯಲ್ಲಿ ಅವರ ಮಗ ಅವಿನಾಶ್ ಬಿಜೆಪಿಯಿಂದ ಗೆದ್ದರು. ಪಕ್ಷ ಬಿಟ್ಟರೆ ಜನ ಶಿಕ್ಷಿಸುತ್ತಾರೆ ಎಂಬ ಭಯ ಅಷ್ಟಕ್ಕೇ ಕರಗಿತು.

ಜುಲೈ 1ರಂದು ವಿಜಯನಗರ ಕ್ಷೇತ್ರದ ಆನಂದ್ ಸಿಂಗ್ ರಾಜೀನಾಮೆ ಕೊಟ್ಟರು. 6ರಂದು ಹತ್ತಕ್ಕೂ ಹೆಚ್ಚು ಮಂದಿ ಒಟ್ಟಾಗಿ ಸಭಾಧ್ಯಕ್ಷರ ಕಚೇರಿಗೆ ಹೋಗಿ, ಅಲ್ಲಿಂದ ರಾಜ್ಯಪಾಲರನ್ನು ಕಂಡು, ಅಲ್ಲಿಂದ ಮುಂಬೈಗೆ ಹಾರಿದರು. 10ರಂದು ಡಿ.ಕೆ. ಶಿವಕುಮಾರ್ ಮುಂಬೈನ ಪೊವಾಯಿಯಲ್ಲಿ ಅವರು ತಂಗಿದ್ದ ಹೋಟೆಲಿನ ಗೇಟಿನ ಮುಂದೆ ನಿಂತರು. ಒಳಗೆ ಬಿಡದ ಪೊಲೀಸರು ಕೊನೆಗೆ ಅವರನ್ನೇ ವಶಕ್ಕೆ ತೆಗೆದುಕೊಂಡರು. ಅದೇ ದಿನ ಇತ್ತ ವಿಧಾನಸೌಧದಲ್ಲಿ ಸುಧಾಕರ್ ಮತ್ತು ಎಂ.ಟಿ.ಬಿ. ನಾಗರಾಜ್ ರಾಜೀನಾಮೆ ಕೊಟ್ಟರು. ಸುಧಾಕರ್ ಅವರನ್ನು ಕಾಂಗ್ರೆಸ್ಸಿಗರು ಎಳೆದಾಡಿ ಕೋಣೆಯೊಂದರಲ್ಲಿ ಕೂರಿಸಿದ ದೃಶ್ಯಗಳನ್ನು ಟಿ.ವಿ.ಯಲ್ಲಿ ರಾಜ್ಯವೇ ನೋಡಿತು. ಜುಲೈ 17ರಂದು ಸುಪ್ರೀಂ ಕೋರ್ಟ್, ಬಂಡಾಯ ಶಾಸಕರನ್ನು ಸದನಕ್ಕೆ ಬರುವಂತೆ ಬಲವಂತ ಮಾಡಬಾರದು ಎಂದು ಮಧ್ಯಂತರ ಆದೇಶ ನೀಡಿತು. ಇದರೊಂದಿಗೆ ವಿಪ್ ಎಂಬ ಅಸ್ತ್ರದ ಮೊನೆ ಮುರಿಯಿತು. ವಿಶ್ವಾಸಮತದ ಮೇಲಿನ ಚರ್ಚೆ ದಿನಗಟ್ಟಲೆ ಎಳೆಯಿತು. ಕಾಗವಾಡದ ಶ್ರೀಮಂತ ಪಾಟೀಲರು ಈ ನಡುವೆ ಕಾಂಗ್ರೆಸ್ ಶಾಸಕರು ತಂಗಿದ್ದ ರೆಸಾರ್ಟಿನಿಂದ ಹೊರಬಿದ್ದು, ಎದೆನೋವೆಂದು ಮುಂಬೈನ ಆಸ್ಪತ್ರೆಯಲ್ಲಿದ್ದರು. ಜುಲೈ 23ರ ಸಂಜೆ ಮತ ಎಣಿಸಿದಾಗ ಸರ್ಕಾರದ ಪರ 99, ವಿರುದ್ಧ 105. ಮೂರು ದಿನಕ್ಕೆ ಯಡಿಯೂರಪ್ಪ ಮತ್ತೆ ಮುಖ್ಯಮಂತ್ರಿ. ರಮೇಶ್ ಕುಮಾರ್ 25ರಂದು ಮೂವರನ್ನು, 28ರಂದು 14 ಮಂದಿಯನ್ನು ಅನರ್ಹಗೊಳಿಸಿ, 29ರಂದು ತಮ್ಮ ಹುದ್ದೆಗೆ ರಾಜೀನಾಮೆ ಸಲ್ಲಿಸಿದರು.

ಆ ವಾರಗಳ ನಾಟಕದ ಗದ್ದಲದಲ್ಲಿ ಕಾಣದೇ ಹೋದದ್ದು ಆ 17 ಕ್ಷೇತ್ರಗಳ ಜನ. ಆಗಸ್ಟ್ ಮೊದಲ ವಾರ ಕೃಷ್ಣಾ ಕಣಿವೆಯಲ್ಲಿ ಪ್ರವಾಹ ಬಂತು. ಅಥಣಿ, ಕಾಗವಾಡ, ಗೋಕಾಕದಲ್ಲಿ ಮನೆಗಳು ಕುಸಿದವು, ಊರುಗಳು ಜಲಾವೃತವಾದವು. ಆ ಮೂರೂ ಕ್ಷೇತ್ರಗಳಿಗೆ ಆ ಹೊತ್ತಿನಲ್ಲಿ ಶಾಸಕರೇ ಇರಲಿಲ್ಲ. ಪಕ್ಷಾಂತರದ ಬೆಲೆಯನ್ನು ಲೆಕ್ಕ ಹಾಕುವವರು ಈ ಖಾಲಿ ಕುರ್ಚಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಉಪಚುನಾವಣೆ ಮೊದಲು ಅಕ್ಟೋಬರ್ 21ಕ್ಕೆ ನಿಗದಿಯಾಗಿತ್ತು. ಅನರ್ಹರ ಅರ್ಜಿ ಸುಪ್ರೀಂ ಕೋರ್ಟಿನಲ್ಲಿದ್ದ ಕಾರಣ ಚುನಾವಣಾ ಆಯೋಗ ಅದನ್ನು ಮುಂದೂಡಿತು. ನ್ಯಾಯಮೂರ್ತಿ ಎನ್.ವಿ. ರಮಣ ಅವರ ನೇತೃತ್ವದ ಪೀಠದ ತೀರ್ಪು ತೂಕದ್ದು. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅದಕ್ಕೂ ಮುಂಚಿನ ನಡವಳಿಕೆಯಿಂದ ಅಂಟಿದ ಅನರ್ಹತೆ ಅಳಿಯದು ಎಂದು ಅದು ಸ್ಪಷ್ಟವಾಗಿ ಹೇಳಿತು. ಸಭಾಧ್ಯಕ್ಷರುಗಳು ತಟಸ್ಥರಾಗಿ ಉಳಿಯದಿರುವ ಪ್ರವೃತ್ತಿಯ ಬಗೆಗೂ ಕಳವಳ ವ್ಯಕ್ತಪಡಿಸಿತು. ಆದರೆ ಎಷ್ಟು ಕಾಲ ಸ್ಪರ್ಧಿಸಬಾರದು ಎಂದು ನಿಗದಿ ಮಾಡುವ ಅಧಿಕಾರ ಸಭಾಧ್ಯಕ್ಷರಿಗೆ ಇಲ್ಲ ಎಂದಿತು. ಕಾನೂನು ತನ್ನ ಕೆಲಸ ಮುಗಿಸಿ ಹೊರೆಯನ್ನು ಪೂರ್ತಿಯಾಗಿ ಮತದಾರನ ಹೆಗಲಿಗೆ ದಾಟಿಸಿತು.

ಚುನಾವಣಾ ತಕರಾರು ಅರ್ಜಿಗಳು ಬಾಕಿ ಇದ್ದುದರಿಂದ ಮಸ್ಕಿ ಮತ್ತು ರಾಜರಾಜೇಶ್ವರಿ ನಗರ ಬಿಟ್ಟು 15 ಕಡೆ ಚುನಾವಣೆ. ಅನರ್ಹರ ಪೈಕಿ 13 ಮಂದಿಗೆ ಬಿಜೆಪಿ ಟಿಕೆಟ್ ಸಿಕ್ಕಿತು. ರಾಣೆಬೆನ್ನೂರಿನಲ್ಲಿ ಆರ್. ಶಂಕರ್ ಅವರಿಗೆ, ಶಿವಾಜಿನಗರದಲ್ಲಿ ರೋಷನ್ ಬೇಗ್ ಅವರಿಗೆ ಸಿಗಲಿಲ್ಲ. ಬಿಜೆಪಿಗೆ ಸರ್ಕಾರ ಉಳಿಸಿಕೊಳ್ಳಲು ಕನಿಷ್ಠ ಆರು ಸ್ಥಾನ ಬೇಕಿತ್ತು. ಆ ‘ಆರು’ ಪ್ರಚಾರದ ಇಡೀ ದಿಕ್ಕನ್ನೇ ನಿರ್ಧರಿಸಿತು. ಇವರನ್ನು ಗೆಲ್ಲಿಸಿದರೆ ಮಂತ್ರಿಗಳಾಗುತ್ತಾರೆ ಎಂದು ಯಡಿಯೂರಪ್ಪ ವೇದಿಕೆಗಳಲ್ಲಿ ಬಹಿರಂಗವಾಗಿಯೇ ಹೇಳಿದರು. ಕನಕಪುರಕ್ಕೆ ಮಂಜೂರಾಗಿದ್ದ ವೈದ್ಯಕೀಯ ಕಾಲೇಜು ಸುಧಾಕರ್ ಅವರ ಚಿಕ್ಕಬಳ್ಳಾಪುರಕ್ಕೆ ಹೋಯಿತು. ಆನಂದ್ ಸಿಂಗ್ ವಿಜಯನಗರ ಜಿಲ್ಲೆಯ ಬೇಡಿಕೆ ಹಿಡಿದು ನಿಂತರು. ವೀರಶೈವ ಲಿಂಗಾಯತರು ತಮ್ಮ ನಾಯಕ ಮುಖ್ಯಮಂತ್ರಿಯಾಗಿ ಉಳಿಯಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಬೆಳಗಾವಿ, ಹಾವೇರಿಯ ಹಳ್ಳಿಗಳವರೆಗೂ ಒಯ್ದರು. ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆಯಲ್ಲಿ ಮಾತು ಇನ್ನೊಂದು ದಾರಿ ಹಿಡಿಯಿತು. ಯಡಿಯೂರಪ್ಪನವರ ಹುಟ್ಟೂರು ಬೂಕನಕೆರೆ ಅದೇ ತಾಲ್ಲೂಕಿನದು. ನಮ್ಮೂರ ಮಗ ಮುಖ್ಯಮಂತ್ರಿಯಾಗಿರುವಾಗ ಕೈಬಿಡುವುದೇ ಎಂಬ ಮಾತು ಅಲ್ಲಿ ಓಡಾಡಿತು.

ಕಾಗವಾಡದ ಮತಪತ್ರ ಇನ್ನೂ ವಿಚಿತ್ರ. 2018ರಲ್ಲಿ ಅಲ್ಲಿ ಕಾಂಗ್ರೆಸ್‌ನ ಶ್ರೀಮಂತ ಪಾಟೀಲರು ಬಿಜೆಪಿಯ ರಾಜು ಕಾಗೆ ಅವರನ್ನು ಸೋಲಿಸಿದ್ದರು. ಈಗ ಶ್ರೀಮಂತ ಪಾಟೀಲರು ಬಿಜೆಪಿ, ರಾಜು ಕಾಗೆ ಕಾಂಗ್ರೆಸ್. ಮುಖಗಳು ಅವೇ, ಚಿಹ್ನೆಗಳು ಅದಲುಬದಲು. ಪಕ್ಷನಿಷ್ಠನಿಗೇ ಮತ ಕೊಡುತ್ತೇನೆ ಎಂದು ಹಟ ಹಿಡಿದ ಕಾಗವಾಡದ ಮತದಾರನಿಗೆ ಪ್ರಮುಖ ಇಬ್ಬರಲ್ಲಿ ಆಯ್ಕೆಯೇ ಇರಲಿಲ್ಲ. ಗೋಕಾಕದಲ್ಲಿ ರಮೇಶ ಜಾರಕಿಹೊಳಿ ಎದುರು ಕಾಂಗ್ರೆಸ್ಸಿನಿಂದ ನಿಂತವರು ಅವರ ತಮ್ಮ ಲಖನ್. ಅಲ್ಲಿ ಪಕ್ಷವೆಂದರೆ ಒಂದೇ ಮನೆಯ ಬೇರೆ ಬೇರೆ ಬಾಗಿಲುಗಳಂತಾಗಿತ್ತು.

ಹೊಸಕೋಟೆಯಲ್ಲಿ ಪ್ರಶ್ನೆ ನೇರವಾಗಿತ್ತು. 2018ರಲ್ಲಿ ಎಂ.ಟಿ.ಬಿ. ನಾಗರಾಜ್ ಎದುರು ಬಿಜೆಪಿಯಿಂದ ನಿಂತು ಸೋತಿದ್ದ ಶರತ್ ಬಚ್ಚೇಗೌಡ ಆಮೇಲೂ ಕ್ಷೇತ್ರದಲ್ಲಿ ಪಕ್ಷ ಕಟ್ಟುತ್ತಾ ಉಳಿದಿದ್ದರು. ಅವರ ತಂದೆ ಬಿ.ಎನ್. ಬಚ್ಚೇಗೌಡ ಆಗ ಚಿಕ್ಕಬಳ್ಳಾಪುರದ ಬಿಜೆಪಿ ಸಂಸದರಾಗಿದ್ದರು. ಪಕ್ಷ ತನ್ನ ಟಿಕೆಟ್ಟನ್ನು ಶರತ್ ಅವರಿಂದ ಕಿತ್ತು, ಅವರನ್ನು ಸೋಲಿಸಿದವರಿಗೇ ಕೊಟ್ಟಿತು. ಶರತ್ ಪಕ್ಷೇತರರಾಗಿ ನಿಂತರು, ಉಚ್ಚಾಟಿತರಾದರು, ಜೆಡಿಎಸ್ ಅವರನ್ನು ಬೆಂಬಲಿಸಿತು. ಲೆಕ್ಕಕ್ಕೆ ನೋಡಿದರೆ ಶರತ್ ಕೂಡ ಪಕ್ಷ ಬಿಟ್ಟವರೇ. ಆದರೆ ಯಾರು ನಿಂತಲ್ಲೇ ನಿಂತಿದ್ದಾರೆ, ಯಾರು ಜಾಗ ಬದಲಿಸಿದ್ದಾರೆ ಎಂಬುದು ಆ ಊರಿನವರಿಗೆ ಗೊತ್ತಿತ್ತು. ಅಲ್ಲಿ ಸುಮಾರು ಶೇ 90ರಷ್ಟು ಮತದಾನವಾಯಿತು. ಕೆ.ಆರ್. ಪುರದಲ್ಲಿ ಅರ್ಧದಷ್ಟೂ ಆಗಲಿಲ್ಲ.

ಹುಣಸೂರು ದೇವರಾಜ ಅರಸು ಅವರ ಕ್ಷೇತ್ರ. ಅಲ್ಲಿ ಬಿಜೆಪಿಯಿಂದ ನಿಂತವರು ಎಚ್. ವಿಶ್ವನಾಥ್. ದಶಕಗಳ ಕಾಲ ಕಾಂಗ್ರೆಸ್ಸಿಗರಾಗಿ, ಎಸ್.ಎಂ. ಕೃಷ್ಣ ಸಂಪುಟದಲ್ಲಿ ಮಂತ್ರಿಯಾಗಿ, ಆಮೇಲೆ ಜೆಡಿಎಸ್ ಸೇರಿ ಅದರ ರಾಜ್ಯಾಧ್ಯಕ್ಷರೂ ಆಗಿದ್ದವರು. ಒಂದು ಪಕ್ಷದ ರಾಜ್ಯಾಧ್ಯಕ್ಷರಾಗಿದ್ದವರು ಕೆಲವೇ ತಿಂಗಳಲ್ಲಿ ಅದರ ಎದುರಾಳಿಯ ಅಭ್ಯರ್ಥಿ. ಅರಸು ಹೆಸರಿನಲ್ಲಿ ಹುಣಸೂರು ಜಿಲ್ಲೆಯಾಗಬೇಕೆಂಬ ಬೇಡಿಕೆಯನ್ನು ಅವರು ಮುಂದಿಟ್ಟರು. ಅರಸು ಅವರನ್ನು 1980ರಲ್ಲಿ ಅವರವರೇ ಬಿಟ್ಟುಹೋದ ನೆನಪಿರುವ ಊರಿನಲ್ಲಿ ಆ ಮಾತು ನಾಟಲಿಲ್ಲ ಎಂದು ನನಗನ್ನಿಸುತ್ತದೆ.

ಡಿಸೆಂಬರ್ 9ರ ಫಲಿತಾಂಶ: ಬಿಜೆಪಿ 12, ಕಾಂಗ್ರೆಸ್ 2, ಪಕ್ಷೇತರ 1, ಜೆಡಿಎಸ್ ಸೊನ್ನೆ. ಕಣಕ್ಕಿಳಿದ 13 ಅನರ್ಹರಲ್ಲಿ 11 ಮಂದಿ ಗೆದ್ದರು. ಕೆ.ಆರ್. ಪುರದಲ್ಲಿ ಬೈರತಿ ಬಸವರಾಜ್ 60 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರೆ, ಕೆ.ಆರ್. ಪೇಟೆಯ ನಾರಾಯಣಗೌಡರು ಮಂಡ್ಯ ಜಿಲ್ಲೆಯಲ್ಲಿ ಬಿಜೆಪಿಯ ಖಾತೆ ತೆರೆದರು. ಹುಣಸೂರಿನಲ್ಲಿ ಎಚ್.ಪಿ. ಮಂಜುನಾಥ್ ಎದುರು ವಿಶ್ವನಾಥ್ ಸುಮಾರು 39 ಸಾವಿರ ಮತಗಳಿಂದ ಸೋತರು. ಹೊಸಕೋಟೆಯಲ್ಲಿ ಶರತ್ 11 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಅಂದೇ ಸಿದ್ದರಾಮಯ್ಯ ಶಾಸಕಾಂಗ ಪಕ್ಷದ ನಾಯಕ ಸ್ಥಾನಕ್ಕೆ, ದಿನೇಶ್ ಗುಂಡೂರಾವ್ ಕೆಪಿಸಿಸಿ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು.

ಈ ಫಲಿತಾಂಶವನ್ನು ಹೇಗೆ ಓದಬೇಕೆಂಬುದರಲ್ಲಿ ಬಲ್ಲವರಲ್ಲೂ ಒಮ್ಮತವಿಲ್ಲ. ಜನ ಸ್ಥಿರ ಸರ್ಕಾರಕ್ಕೆ ಮತ ಹಾಕಿದರು ಎನ್ನುವವರಿದ್ದಾರೆ. ಜಾತಿ, ಹಣ ಮತ್ತು ಅಧಿಕಾರದಲ್ಲಿರುವ ಪಕ್ಷದ ಅನುಕೂಲ ಗೆಲ್ಲಿಸಿತು ಎನ್ನುವವರಿದ್ದಾರೆ. ನಮ್ಮಲ್ಲಿ ಶಾಸಕನ ವೈಯಕ್ತಿಕ ಬಲವೇ ಪಕ್ಷಕ್ಕಿಂತ ದೊಡ್ಡದು, ಆದ್ದರಿಂದ ಪಕ್ಷಾಂತರ ಎಂಬ ಅಪರಾಧವೇ ಹುಸಿ ಎನ್ನುವವರೂ ಇದ್ದಾರೆ. ಇದರ ಬೆನ್ನಿಗೆ ಕಾನೂನಿನ ಕುರಿತೂ ಜಗಳವಿದೆ. ಹತ್ತನೇ ಪರಿಚ್ಛೇದ ಶಾಸಕನ ಬಾಯಿ ಕಟ್ಟುತ್ತದೆ, ವಿಪ್ಪನ್ನು ವಿಶ್ವಾಸಮತದಂಥ ಸಂದರ್ಭಗಳಿಗೆ ಮಾತ್ರ ಸೀಮಿತಗೊಳಿಸಿ ಎಂದು 1990ರ ದಿನೇಶ್ ಗೋಸ್ವಾಮಿ ಸಮಿತಿಯೇ ಸೂಚಿಸಿತ್ತು. ಆ ವಾದದಲ್ಲಿ ನನಗೆ ಗೌರವವಿದೆ. ಪಕ್ಷದ ತೀರ್ಮಾನವನ್ನು ಆತ್ಮಸಾಕ್ಷಿಯಿಂದ ವಿರೋಧಿಸುವ ಶಾಸಕನಿಗೆ ಜಾಗ ಇರಲೇಬೇಕು. ಆದರೆ ಅಂಥವನು ಸದನದಲ್ಲಿ ನಿಂತು ವಿರೋಧಿಸುತ್ತಾನೆ, ಕಾರಣ ಹೇಳುತ್ತಾನೆ. ಬೇರೆ ರಾಜ್ಯದ ಹೋಟೆಲಿನಲ್ಲಿ ಬೀಗ ಹಾಕಿಕೊಂಡು ಕೂರುವುದು ಆತ್ಮಸಾಕ್ಷಿಯ ಲಕ್ಷಣವಲ್ಲ.

ಆ ಡಿಸೆಂಬರ್‌ನಲ್ಲಿ ಮತದಾರನನ್ನು ನಿಷ್ಠೆಯ ಬಗ್ಗೆ ಮಾತ್ರ ಕೇಳಿದ್ದರೆ ಅವನು ಕೊಟ್ಟ ಉತ್ತರವನ್ನು ತೀರ್ಪೆಂದು ಒಪ್ಪಬಹುದಿತ್ತು. ಅವನ ಮುಂದಿಟ್ಟದ್ದು ಒಂದು ಗಂಟು: ಸರ್ಕಾರ ಉಳಿಯಬೇಕೇ, ನಮ್ಮವರು ಮುಖ್ಯಮಂತ್ರಿಯಾಗಿ ಇರಬೇಕೇ, ತಾಲ್ಲೂಕಿಗೆ ಮಂತ್ರಿ ಬೇಕೇ, ಕಾಲೇಜು ಬೇಕೇ, ನೆರೆ ಪರಿಹಾರ ಬೇಕೇ. ನಿಷ್ಠೆಯ ಪ್ರಶ್ನೆ ಆ ಗಂಟಿನ ಅಡಿಯಲ್ಲಿ ಎಲ್ಲೋ ಸೇರಿಕೊಂಡಿತ್ತು. ಮನೆ ಕಳೆದುಕೊಂಡ ಅಥಣಿಯ ರೈತ ಆಳುವ ಪಕ್ಷದ ಶಾಸಕನನ್ನು ಆರಿಸಿಕೊಂಡರೆ ಅವನನ್ನು ಮಾರಿಕೊಂಡವನೆಂದು ಜರೆಯುವ ಹಕ್ಕು ಯಾರಿಗೂ ಇಲ್ಲ.

ಗೆದ್ದವರಿಗೆ ಕೊಟ್ಟ ಮಾತು ಬಹುಪಾಲು ನಡೆಯಿತು. 2020ರ ಫೆಬ್ರುವರಿ 6ರಂದು ಹತ್ತು ಮಂದಿ ಮಂತ್ರಿಗಳಾದರು. ಹನ್ನೊಂದನೆಯವರಾದ ಅಥಣಿಯ ಮಹೇಶ ಕುಮಠಳ್ಳಿ ಹೊರಗುಳಿದರು. ಸೋತ ಎಂ.ಟಿ.ಬಿ. ನಾಗರಾಜ್, ಟಿಕೆಟ್ ಸಿಗದ ಶಂಕರ್ ವಿಧಾನ ಪರಿಷತ್ತಿಗೆ ಆಯ್ಕೆಯಾಗಿ 2021ರ ಜನವರಿಯಲ್ಲಿ ಮಂತ್ರಿಗಳಾದರು. ಜನ ಹೊಸಕೋಟೆಯಲ್ಲಿ ಬೇಡವೆಂದವರು ಪರಿಷತ್ತಿನ ಬಾಗಿಲಿನಿಂದ ಸಂಪುಟಕ್ಕೆ ಬಂದರು. ವಿಶ್ವನಾಥ್ ಪರಿಷತ್ತಿಗೆ ನಾಮಕರಣಗೊಂಡರು, ಆದರೆ ಮಂತ್ರಿಯಾಗಲಾಗಲಿಲ್ಲ. ನಾಮಕರಣ ಆಯ್ಕೆಯಾಗದು, ಅನರ್ಹತೆ ಹಾಗೇ ಉಳಿದಿದೆ ಎಂದು 2020ರ ನವೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟ್ ಅದನ್ನು ಬದಲಿಸಲಿಲ್ಲ. 91ನೇ ತಿದ್ದುಪಡಿಯ ಷರತ್ತು ಹಲ್ಲು ತೋರಿಸಿದ ಅಪರೂಪದ ಪ್ರಸಂಗ ಅದು.

ರಾಜೀನಾಮೆಯ ದಾರಿ ರಾಜ್ಯದ ಗಡಿ ದಾಟಿತು. 2020ರ ಮಾರ್ಚ್‌ನಲ್ಲಿ ಮಧ್ಯಪ್ರದೇಶದ 22 ಕಾಂಗ್ರೆಸ್ ಶಾಸಕರು ರಾಜೀನಾಮೆ ಕೊಟ್ಟು ಕಮಲನಾಥ್ ಸರ್ಕಾರ ಬಿತ್ತು. ಅವರಲ್ಲಿ ಬಹುತೇಕರು ತಂಗಿದ್ದದ್ದು ಬೆಂಗಳೂರಿನಲ್ಲೇ. ಆ ವರ್ಷದ ನವೆಂಬರ್‌ನಲ್ಲಿ ಅಲ್ಲಿ 28 ಉಪಚುನಾವಣೆಗಳು ನಡೆದು ಬಿಜೆಪಿ 19 ಗೆದ್ದಿತು. ಅದೇ ತಿಂಗಳು ರಾಜರಾಜೇಶ್ವರಿ ನಗರದ ಉಪಚುನಾವಣೆಯಲ್ಲಿ ಅನರ್ಹರಲ್ಲೊಬ್ಬರಾದ ಮುನಿರತ್ನ ಕೂಡ ಬಿಜೆಪಿಯಿಂದ ಭಾರೀ ಅಂತರದಿಂದ ಗೆದ್ದರು. ಅಷ್ಟು ಹೊತ್ತಿಗೆ ಯಡಿಯೂರಪ್ಪ ಸರ್ಕಾರ ಭದ್ರವಾಗಿತ್ತು, ಆ ಒಂದು ಸ್ಥಾನದ ಮೇಲೆ ಏನೂ ನಿಂತಿರಲಿಲ್ಲ. ನನ್ನ ವಾದಕ್ಕೆ ಒಗ್ಗದ ಗೆಲುವು ಇದು, ಆದ್ದರಿಂದಲೇ ಹೇಳಬೇಕು.

ಮಸ್ಕಿಯಲ್ಲಿ ಬೇರೆಯೇ ಆಯಿತು. ರಾಯಚೂರು ಜಿಲ್ಲೆಯ ಈ ಕ್ಷೇತ್ರದಲ್ಲಿ 2018ರಲ್ಲಿ ಕಾಂಗ್ರೆಸ್‌ನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರುವಿಹಾಳ ಅವರನ್ನು ಬರೀ 213 ಮತಗಳಿಂದ ಸೋಲಿಸಿದ್ದರು. ತಕರಾರು ಅರ್ಜಿ ಇತ್ಯರ್ಥವಾಗಿ 2021ರ ಏಪ್ರಿಲ್ 17ರಂದು ಮತದಾನವಾದಾಗ, ಕಾಗವಾಡದಂತೆ ಇಲ್ಲೂ ಚಿಹ್ನೆ ಅದಲುಬದಲು: ಪ್ರತಾಪಗೌಡ ಬಿಜೆಪಿ, ತುರುವಿಹಾಳ ಕಾಂಗ್ರೆಸ್. ನೀರಾವರಿಯ 5ಎ ಕಾಲುವೆಗಾಗಿ ರೈತರು ಧರಣಿ ಕೂತಿದ್ದರು, ಯಡಿಯೂರಪ್ಪನವರ ಮಗ ವಿಜಯೇಂದ್ರ ಅಲ್ಲೇ ಬೀಡುಬಿಟ್ಟಿದ್ದರು. ಪ್ರತಾಪಗೌಡರು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಇಬ್ಬರೂ ಪಕ್ಷ ಬದಲಿಸಿದವರೇ. ಆದರೆ ಒಬ್ಬರು ಗೆದ್ದ ಸ್ಥಾನವನ್ನು, ಅದನ್ನು ಕೊಟ್ಟವರನ್ನು ಕೇಳದೇ ಬಿಟ್ಟವರು. ಇನ್ನೊಬ್ಬರು ಸೋತವರು, ಬಿಡಲು ಅವರ ಕೈಯಲ್ಲಿ ಯಾರ ಮತವೂ ಇರಲಿಲ್ಲ. ಪಕ್ಷನಿಷ್ಠೆ ಎಂದು ನಾವು ಕರೆಯುವುದರೊಳಗೆ ಮತದಾರನಿಗೆ ಬೇಕಾದದ್ದು ಈ ವ್ಯತ್ಯಾಸ. ನಾಯಕರಿಗೆ ತೋರುವ ನಿಷ್ಠೆ ಅವನಿಗೆ ಬೇಕಿಲ್ಲ. ಯಾವ ಮಾತು ಕೊಟ್ಟು ಮತ ಪಡೆದೆಯೋ ಆ ಮಾತನ್ನು ಅವಧಿ ಮುಗಿಯುವವರೆಗೆ ಹಿಡಿದುಕೋ ಎಂಬುದಷ್ಟೇ ಅವನ ಬೇಡಿಕೆ.

2023ರ ಮೇ ಚುನಾವಣೆಯಲ್ಲಿ ಸರ್ಕಾರ ಉಳಿಸುವ ಹೊರೆ ಇರಲಿಲ್ಲ, ಮಂತ್ರಿ ಮಾಡುವ ಖಾತರಿಯೂ ಇರಲಿಲ್ಲ. ಪ್ರಶ್ನೆ ಗಂಟು ಬಿಚ್ಚಿಕೊಂಡು ಒಂಟಿಯಾಗಿ ಎದುರಿಗೆ ನಿಂತಿತ್ತು. ಮುಂಬೈಗೆ ಹೋಗಿ ಬಂದ ಆ ಬಳಗದಲ್ಲಿ ಈ ಬಾರಿ ಗೆದ್ದವರು ಆರೇ ಮಂದಿ: ಬೆಂಗಳೂರಿನ ಮುನಿರತ್ನ, ಬೈರತಿ ಬಸವರಾಜ್, ಸೋಮಶೇಖರ್, ಗೋಪಾಲಯ್ಯ, ಗೋಕಾಕದ ರಮೇಶ ಜಾರಕಿಹೊಳಿ, ಯಲ್ಲಾಪುರದ ಶಿವರಾಮ ಹೆಬ್ಬಾರ. ವೈದ್ಯಕೀಯ ಕಾಲೇಜು ತಂದ ಸುಧಾಕರ್ ಚಿಕ್ಕಬಳ್ಳಾಪುರದಲ್ಲಿ ಸೋತರು. ವಿಜಯನಗರ ಜಿಲ್ಲೆಯಾಯಿತು, ಆದರೆ ಆನಂದ್ ಸಿಂಗ್ ಅವರ ಬದಲು ಕಣಕ್ಕಿಳಿದ ಮಗ ಗೆಲ್ಲಲಿಲ್ಲ. ಕೆ.ಆರ್. ಪೇಟೆ ಜೆಡಿಎಸ್‌ಗೆ ಮರಳಿತು. ಹಿರೇಕೆರೂರಿನಲ್ಲಿ ಬಿ.ಸಿ. ಪಾಟೀಲ, ಹೊಸಕೋಟೆಯಲ್ಲಿ ನಾಗರಾಜ್, ಮಸ್ಕಿಯಲ್ಲಿ ಪ್ರತಾಪಗೌಡ ಸೋತರು. ಕಾಗವಾಡದಲ್ಲಿ ಅದೇ ಇಬ್ಬರು ಮೂರನೇ ಬಾರಿ ಎದುರಾಗಿ, ಈ ಸಲ ರಾಜು ಕಾಗೆ ಗೆದ್ದರು. ಆ ಚುನಾವಣೆಯಲ್ಲಿ ಕಾಂಗ್ರೆಸ್ ಅಲೆ ಇತ್ತು ನಿಜ, ಎಲ್ಲ ಸೋಲುಗಳನ್ನೂ ಪಕ್ಷಾಂತರದ ಖಾತೆಗೆ ಬರೆಯುವಂತಿಲ್ಲ. ಆದರೂ ಅನುದಾನ, ಜಿಲ್ಲೆ, ಕಾಲೇಜು ಎಲ್ಲ ತಂದವರೂ ಸೋತರು ಎಂಬುದು ಉಳಿಯುತ್ತದೆ.

ಅಥಣಿಯ ಲಕ್ಷ್ಮಣ ಸವದಿ ದೀರ್ಘಕಾಲ ಬಿಜೆಪಿಯಲ್ಲಿದ್ದವರು. 2018ರಲ್ಲಿ ಕುಮಠಳ್ಳಿ ಅವರೆದುರು ಸೋತವರು, ಸೋತರೂ 2019ರಲ್ಲಿ ಉಪಮುಖ್ಯಮಂತ್ರಿಯಾದವರು. ತಮ್ಮನ್ನು ಸೋಲಿಸಿದವರಿಗೇ ಪಕ್ಷ ಎರಡನೇ ಸಲವೂ ಟಿಕೆಟ್ ಕೊಟ್ಟಾಗ 2023ರ ಏಪ್ರಿಲ್‌ನಲ್ಲಿ ಪಕ್ಷ ತೊರೆದು, ಪರಿಷತ್ ಸ್ಥಾನವನ್ನೂ ಬಿಟ್ಟು, ಕಾಂಗ್ರೆಸ್ಸಿನಿಂದ ನಿಂತು 75 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಅದೇ ತಿಂಗಳು ಅದೇ ರೀತಿ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿದ ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಅವರನ್ನು ಹುಬ್ಬಳ್ಳಿಯ ಜನ ಸುಮಾರು 34 ಸಾವಿರ ಮತಗಳಿಂದ ಸೋಲಿಸಿದರು. ಒಂದು ವರ್ಷ ತುಂಬುವ ಮೊದಲೇ ಶೆಟ್ಟರ್ ಬಿಜೆಪಿಗೆ ಮರಳಿ, 2024ರಲ್ಲಿ ಬೆಳಗಾವಿಯ ಸಂಸದರಾದರು. ಅಥಣಿಯವರು ಒಬ್ಬರ ಸಿಟ್ಟನ್ನು ನಂಬಿದರು, ಹುಬ್ಬಳ್ಳಿಯವರು ಇನ್ನೊಬ್ಬರದನ್ನು ನಂಬಲಿಲ್ಲ. ಮತದಾರರು ಪಕ್ಷ ಬಿಟ್ಟವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ತೂಗಬೇಕಾಗಿಯೂ ಇಲ್ಲ.

ಉಪಚುನಾವಣೆಯಲ್ಲಿ ಗೆದ್ದು 2023ರಲ್ಲೂ ಉಳಿದ ಆರು ಮಂದಿಯಲ್ಲಿ ಇಬ್ಬರ ಕಥೆ ಇನ್ನೂ ಮುಂದುವರಿಯಿತು. 2024ರ ಫೆಬ್ರುವರಿಯ ರಾಜ್ಯಸಭಾ ಚುನಾವಣೆಯಲ್ಲಿ ಯಶವಂತಪುರದ ಸೋಮಶೇಖರ್ ಕಾಂಗ್ರೆಸ್ ಅಭ್ಯರ್ಥಿಗೆ ಮತ ಹಾಕಿದರು. ಯಲ್ಲಾಪುರದ ಹೆಬ್ಬಾರ ಮತದಾನಕ್ಕೇ ಬರಲಿಲ್ಲ. 2025ರ ಮೇ ತಿಂಗಳಲ್ಲಿ ಬಿಜೆಪಿ ಇಬ್ಬರನ್ನೂ ಆರು ವರ್ಷಗಳ ಕಾಲ ಉಚ್ಚಾಟಿಸಿತು. ಕಾಂಗ್ರೆಸ್ಸಿನವರೆಂದು 2018ರಲ್ಲಿ, ಬಿಜೆಪಿಯವರೆಂದು 2019 ಮತ್ತು 2023ರಲ್ಲಿ ಇವರನ್ನು ಆರಿಸಿದ ಎರಡೂ ಕ್ಷೇತ್ರಗಳ ಜನರ ಕೈಯಲ್ಲಿ ಈಗ ಪಕ್ಷದಿಂದ ಹೊರಹಾಕಲ್ಪಟ್ಟ ಶಾಸಕರಿದ್ದಾರೆ. ಉಚ್ಚಾಟನೆಯಿಂದ ಶಾಸಕ ಸ್ಥಾನ ಹೋಗುವುದಿಲ್ಲ. ಆದ್ದರಿಂದ ಈ ಸಲ ಉಪಚುನಾವಣೆಯೂ ಇಲ್ಲ, ಜನರನ್ನು ಕೇಳುವವರೂ ಇಲ್ಲ.